ನಾಲ್ಕನೆಯ ಕಾರ್ಡ್

"ಮತ್ತ ಹೋತೇನ್ರಿ?" ಎಂದು ಕೇಳುವಾಗ ಹುಲಿಗೇಶನ ಮುಖದಲ್ಲಿ ಬೇಸರ ಕಾಣಬೇಕಿತ್ತು. ಕೊಟ್ಟ ಮಾಲು ವಾಪಸ್ಸು ಬಂದರೆ ಯಾವ ಅಂಗಡಿಯವನು ಖುಷಿಪಡುತ್ತಾನೆ? ಆದರೆ ಇವನ ತುಟಿಯಂಚಿನಲ್ಲಿ ನಗು ಬಂದು ಕೂತಿತ್ತು. ಅದನ್ನು ಮುಚ್ಚಿಕೊಳ್ಳಲು ಸುಮ್ಮನೆ ಮೂಗು ತಿಕ್ಕಿಕೊಂಡ.

ಭುವನಾ ಅದನ್ನು ನೋಡಿದಳು, ನೋಡಿ ಸುಮ್ಮನಾದಳು. ಈಚೆಗೆ ಎಲ್ಲವನ್ನೂ ಅವಳು ಹೀಗೇ ನೋಡುತ್ತಿದ್ದಳು, ಬಸ್ಸಿನ ಕಿಟಕಿಯಿಂದ ಯಾರದೋ ಊರು ನೋಡಿದ ಹಾಗೆ.

"ಹೋತು," ಎಂದು ಉಗುರಿನಷ್ಟು ಮೆಮೊರಿ ಕಾರ್ಡನ್ನು ಕೌಂಟರಿನ ಮೇಲಿಟ್ಟಳು. "ಇದು ಮೂರನೇದು."

ಗಂಡ ವಾಗೀಶ್ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಅವಳು ಅತ್ತಿರಲಿಲ್ಲ, ಆಮೇಲೂ ಅಳಲಿಲ್ಲ. ಆದೋನಿಯ ತವರಿಗೆ ಬಂದು, ಅಪ್ಪ ಸಿದ್ದಬಸಪ್ಪನವರ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕೆ ಕೂತಳು. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವೆಂದು ನೆಂಟರು ಆಡಿಕೊಂಡರು, ಅದೂ ಅವಳಿಗೆ ನಾಟಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುವುದು, ಕರೆದರೆ ಓ ಎನ್ನುವುದು, ಅಷ್ಟೇ. ಇವತ್ತು ಯಾವ ವಾರವೆಂದು ಕೇಳಿದರೆ ಮೊಬೈಲ್ ನೋಡಿ ಹೇಳಬೇಕು.

ಅವಳು ಮನಸ್ಸಿಟ್ಟದ್ದು ಒಂದಕ್ಕೆ ಮಾತ್ರ, ಅಂಗೈಯಗಲದ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರಿಗೆ. ರಾಶಿ ಹಾಕಿದ ಹಸಿ ಹತ್ತಿ ಒಳಗೊಳಗೇ ಕಾವು ಹಿಡಿದು ಹೊತ್ತಿಕೊಳ್ಳುವುದುಂಟು. ಅದಕ್ಕೇ ರಾಶಿಯೊಳಗೆ ನಾಲ್ಕು ಸೆನ್ಸರ್ ಹೂತು, ಶಾಖ ಏರಿದರೆ ಸೈರನ್ ಕೂಗುವಂತೆ ಅವಳೇ ಮಾಡಿದ್ದಳು. ಓದಿದ ಎಂಜಿನಿಯರಿಂಗ್ ಅಷ್ಟಕ್ಕಾದರೂ ಬಂತು. ಅದು ನಡೆಯುವುದೇ ಮೆಮೊರಿ ಕಾರ್ಡಿನ ಮೇಲೆ; ಕಾರ್ಡ್ ಕೆಟ್ಟರೆ ಕಂಪ್ಯೂಟರ್ ಏಳುವುದಿಲ್ಲ, ಅದು ಏಳದಿದ್ದರೆ ರಾಶಿಯನ್ನು ಕಾಯುವವರಿಲ್ಲ.

"ಮೊದಲ್ನೇದು ಸ್ಪೀಡ್ ನೋಡಿ ಕೊಟ್ಟೆ, ಎರಡ್ನೇದು, ಮೂರನೇದು ಕಂಪನಿ ಹೆಸರು ನೋಡಿ," ಹುಲಿಗೇಶ ಡ್ರಾಯರ್ ಎಳೆದು ಬೇರೊಂದು ಕಾರ್ಡ್ ತೆಗೆದ. "ಇದು ಸಿಸಿ ಕ್ಯಾಮೆರಾಕ್ಕ ಹಾಕೋದ್ರಿ. ಹಗಲೂ ರಾತ್ರಿ ಬರೆದ್ರೂ ತಡೀತೈತಿ. ಸ್ಪೀಡ್ ಕಡಿಮಿ, ಆಯುಷ್ಯ ಜಾಸ್ತಿ."

"ನಡೀತೈತಿ. ನಮಗೇನು ಅವಸರ ಇಲ್ಲ."

"ನಿಮಗ ಇಲ್ಲ ಬಿಡ್ರಿ. ಇರೋರು ಬ್ಯಾರೆ ಅದಾರ."

"ಯಾರು?"

"ಗಿರಾಕಿಗಳ್ರಿ," ಎಂದು ಕಣ್ಣು ತಗ್ಗಿಸಿದ. ಅಂಗಡಿಯಲ್ಲಿ ಆಗ ಒಬ್ಬ ಗಿರಾಕಿಯೂ ಇರಲಿಲ್ಲ.

"ಅರವತ್ನಾಕು ಜಿಬಿದು ಇದ್ರ ಕೊಡ್ರಿ."

"ಮೂವತ್ತೆರಡು ಸಾಕ್ರಿ ಮೇಡಂ. ಅಷ್ಟು ದೊಡ್ಡದ್ರಾಗ ಏನ್ ತುಂಬತೀರಿ?"

"ಏನೂ ಇಲ್ಲ," ಎಂದಳು ಭುವನಾ. ಅದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ ಹುಲಿಗೇಶನ ನಗು ಅಲ್ಲೇ ನಿಂತಿತು.

ಹೊಳಗುಂದದಿಂದ ಬಂದು ಆದೋನಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಈ ಮನುಷ್ಯನದು ಒಂದು ಪದ್ಧತಿ. ಪ್ಯಾಕೆಟ್ಟಿನ ಮೇಲಿನ ಅಕ್ಷರವನ್ನು ನಂಬುವವನಲ್ಲ, ಡೂಪ್ಲಿಕೇಟ್ ಬಹಳ. ಯಾವ ಕಾರ್ಡನ್ನೇ ಕೊಡಲಿ, ಮೊದಲು ಅದರ ತುಂಬ ಏನಾದರೂ ಬರೆದು, ಮತ್ತೆ ಓದಿಸಿ ನೋಡಿಯೇ ಕೊಡುತ್ತಿದ್ದ. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆ ಮುಕ್ಕಾಲು ಗಂಟೆ ಭುವನಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಅವನು ಟೀ ತರಿಸುತ್ತಿದ್ದ.

ರಿಪೇರಿಗೆ ಬಂದ ಮಾನಿಟರೊಂದು ಎದುರಿಗಿತ್ತು, ಆರಿದ್ದು. ಅದರ ಕಪ್ಪು ಗಾಜಿನಲ್ಲಿ ಹುಲಿಗೇಶ ಅವಳನ್ನೇ ನೋಡುತ್ತಿದ್ದುದು ಇವತ್ತು ಭುವನಾಳ ಗಮನಕ್ಕೆ ಬಂತು. ಅವನು ಸೋಲ್ಡರಿಂಗ್ ಮಾಡುತ್ತಿದ್ದಂತೆ ನಟಿಸುತ್ತಿದ್ದ. ಮೊದಲು ಅವಳ ಕೈಯ ಗ್ಲಾಸು, ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ಆಮೇಲೆ ಕಣ್ಣು. ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ, ಸೋಲ್ಡರಿಂಗ್ ಕಡ್ಡಿ ಬೆರಳಿಗೆ ತಾಗಿ "ಅಪ್ಪಾ!" ಎಂದ.

ಭುವನಾಗೆ ನಗು ಬರಬೇಕಿತ್ತು. ಬರಲಿಲ್ಲ. ಆದರೆ ಬರಬೇಕಿತ್ತೆಂದು ಅವಳಿಗೆ ಅನ್ನಿಸಿತು, ಅದೇ ಹೊಸದು.

ತಿಂಗಳು ಕಳೆಯಿತು. ಒಂದು ಬೆಳಗ್ಗೆ ಹತ್ತಿ ಆಯಲು ಬಂದ ಬಸವಕ್ಕ ಗೋದಾಮಿನ ಒಳಗಿಂದ ಕೂಗಿಕೊಂಡಳು. "ಅವ್ವಾ, ಓಡಿ ಬರ್ರೀ! ರಾಶಿ ಕಮರತೈತಿ!"

ಆಳುಗಳೆಲ್ಲ ಕೂಡಿ ರಾಶಿ ಕೆದರಿ ನೀರು ಹೊಯ್ದರು. ಒಂದು ಮೂಲೆ ಕಪ್ಪಾಗಿತ್ತು, ಅಷ್ಟೇ. ಬಸವಕ್ಕನ ಅಂಗೈ ಮೇಲೆ ಬೊಬ್ಬೆ ಎದ್ದಿತ್ತು. ಸೈರನ್ ಕೂಗಿರಲೇ ಇಲ್ಲ.

ಭುವನಾ ಓಡಿ ಹೋಗಿ ನೋಡಿದರೆ ಪುಟ್ಟ ಕಂಪ್ಯೂಟರ್ ಸತ್ತು ಕೂತಿದೆ. ಅದರ ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ.

"ನಿನ್ನೆ ಅಮಾಸಿ ಅಲ್ಲೇನವ್ವಾ?" ಎಂದರು ಸಿದ್ದಬಸಪ್ಪ. "ಪ್ರತಿ ಅಮಾಸಿಗೂ ಮೇನ್ ಇಳಿಸಿ, ಇನ್ವರ್ಟರ್ ಸುದ್ದಾ ಬಂದ್ ಮಾಡಿ, ಮಷಿನೆಲ್ಲಾ ಒದ್ದಿ ಅರಿವೀಲೆ ಒರೆಸಿ ಪೂಜಿ ಮಾಡ್ತೀನಿ. ನಿನ್ನ ಮಷಿನ್ನಿಗೂ ಮರೀದ ವಿಭೂತಿ ಹಚ್ಚೀನಿ."

ಪಾಪ, ಅವರದು ಭಕ್ತಿ. ಕ್ಷಣಕ್ಷಣಕ್ಕೂ ಬರೆಯುತ್ತಿರುವ ಕಾರ್ಡಿಗೆ ಹಠಾತ್ತನೆ ಕರೆಂಟ್ ತಪ್ಪಿಸಿದರೆ ಬರೆದದ್ದೆಲ್ಲ ಕಲಸಿಹೋಗುತ್ತದೆಂದು ಅವರಿಗೇನು ಗೊತ್ತು? ಗೊತ್ತಿರಬೇಕಾದವಳು ಭುವನಾ. ಆದರೆ ಅಮಾವಾಸ್ಯೆ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ನಾಲ್ಕು ಕಾರ್ಡು, ನಾಲ್ಕು ಅಮಾವಾಸ್ಯೆ.

ಅವಳು ನೆಟ್ಟಗೆ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಹುಲಿಗೇಶನ ಮುಖ ಬಿಳಿಚಿಕೊಂಡಿತು. ಅವನು ಆಶ್ಚರ್ಯಪಡಲಿಲ್ಲ. ಅದನ್ನು ನೋಡಿಯೇ ಅವಳಿಗೆ ಅರ್ಥವಾಯಿತು.

"ನಿಮಗ ಗೊತ್ತಿತ್ತು."

"ಎರಡ್ನೇದು ತಂದಾಗ್ಲೇ ಗೊತ್ತಾತ್ರಿ," ಅವನ ದನಿ ಇಳಿಯಿತು. "ಕಾರ್ಡ್ ಯಾವತ್ತು ನಿಂತೈತಿ ಅಂತ ನೋಡಿದ್ರ ಎರಡೂ ಅಮಾಸಿ. ಮಿಲ್ಲಿನಾಗ ಪೂಜಿಗೆ ಕರೆಂಟ್ ತೆಗೀತಾರ ಅಂತ ತಿಳೀತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಬರ್ತಿರ್ಲಿಲ್ಲ."

ಭುವನಾಗೆ ತನ್ನದೇ ದನಿ ಕೇಳಿಸಿತು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ. "ಒಳಗ ಮಂದಿ ಇದ್ರು! ಬಸವಕ್ಕನ ಕೈ ಸುಟ್ಟೈತಿ! ನಾ ಬರ್ಲಿ ಅಂತ ನೀವು ಉರಿಯೋ ರಾಶಿ ಬಿಟ್ಟು ಕೂತ್ರೇನು?"

ಫೋನ್ ರಿಪೇರಿಗೆ ಬಂದಿದ್ದವನೊಬ್ಬ "ತರ್ವಾತ ವಸ್ತಾನನ್ನಾ," ಆಮೇಲೆ ಬರುತ್ತೇನೆಂದು ತೆಲುಗಿನಲ್ಲಿ ಹೇಳಿ ಮೆಲ್ಲಗೆ ಜಾರಿಕೊಂಡ. ಭುವನಾ ಬೈಯುತ್ತಲೇ ಇದ್ದಳು. ಬೈಯುತ್ತ ಬೈಯುತ್ತ ಕೆನ್ನೆ ಒದ್ದೆಯಾಯಿತು, ಕುರ್ಚಿ ಹಿಡಿದು ಕುಸಿದು ಕೂತು ಅತ್ತಳು. ರಾಶಿಗಾಗಿ ಶುರುವಾದ ಅಳು ವಾಗೀಶನಿಗಾಗಿ ಮುಂದುವರಿಯಿತು. ಎರಡು ವರ್ಷ ಎಲ್ಲಿತ್ತೋ, ಎಲ್ಲ ಒಟ್ಟಿಗೇ ಬಂತು.

ಹುಲಿಗೇಶ ನೀರಿನ ಬಾಟಲಿ ಪಕ್ಕದಲ್ಲಿಟ್ಟು ಕೌಂಟರಿನ ಆಚೆ ತಲೆ ತಗ್ಗಿಸಿ ನಿಂತ.

ಮಧ್ಯಾಹ್ನ ಅವನು ಮಿಲ್ಲಿಗೆ ಬಂದ. ಪುಟ್ಟ ಕಂಪ್ಯೂಟರಿಗೆ ಬೇರೆಯೇ ಒಂದು ಬ್ಯಾಟರಿ ಕೂಡಿಸಿದ, ಪಕ್ಕದಲ್ಲಿ ಕೆಂಪು ಬಟನ್ ಇಟ್ಟ. "ಒರೆಸೋದಿದ್ರ ಮೊದ್ಲು ಇದನ್ನ ಒತ್ರಿ ಯಜಮಾನ್ರೆ. ಮಷಿನ್ ನಿಧಾನ ಬಂದ್ ಆಗತೈತಿ, ಲೈಟ್ ಆರಿದ ಮ್ಯಾಲ ವಿಭೂತಿ ಹಚ್ರಿ," ಎಂದು ಸಿದ್ದಬಸಪ್ಪನವರಿಗೆ ತೋರಿಸಿಕೊಟ್ಟ. ತಪ್ಪು ತನ್ನದೆಂದೂ ಮುಚ್ಚಿಡದೆ ಹೇಳಿದ, ಬಸವಕ್ಕನ ಮುಂದೆಯೂ ಕೈ ಮುಗಿದ. ಸಿದ್ದಬಸಪ್ಪ ಅವನನ್ನು ನೋಡಿದರು. ಆಮೇಲೆ ಮಗಳ ಕೆಂಪಾದ ಕಣ್ಣು ನೋಡಿದರು. ಇವನಿಗೆ ಬೈಯಬೇಕೋ, ಕೈ ಮುಗಿಯಬೇಕೋ ಅವರಿಗೆ ಬಗೆಹರಿಯಲಿಲ್ಲ. ಸುಮ್ಮನೆ ಹೊರಗೆ ಹೋದರು.

"ಇನ್ನ ಕೆಡೂದಿಲ್ರಿ," ಹುಲಿಗೇಶ ಸಾಮಾನು ಚೀಲಕ್ಕೆ ತುಂಬಿಕೊಂಡ. "ನೀವು ನಮ್ಮ ಅಂಗಡಿ ಕಡೆ ಬರೋ ಕೆಲಸಾನೂ ಇಲ್ಲ."

ಅವನು ಬಾಗಿಲವರೆಗೆ ಹೋದ.

"ಕಾರ್ಡ್ ಕೆಡದಿದ್ರ ನಾ ಬರ್ತಿರ್ಲಿಲ್ಲ ಅಂತ ಯಾರ್ ಹೇಳಿದ್ರು ನಿಮಗ?" ಎಂದಳು ಭುವನಾ.

ಅವನು ತಿರುಗಿ ನಿಂತ. "ಬರ್ತಿದ್ರೇನು?"

"ಗೊತ್ತಿಲ್ಲ. ನನಗ ಏನೂ ಗೊತ್ತಾಗ್ತಿರ್ಲಿಲ್ಲ ಆವಾಗ. ನೀವು ಕೇಳಬೇಕಿತ್ತು."

ಹುಲಿಗೇಶ ಚೀಲ ಕೆಳಗಿಟ್ಟ. ಅವಳು ಕಾದಳು. ಎದೆ ಹೊಡೆದುಕೊಳ್ಳುತ್ತಿತ್ತು, ನೋಯುತ್ತಿತ್ತು, ಆದರೂ ಅವಳು ಕಣ್ಣು ಕೀಳಲಿಲ್ಲ.

"ಈಗ ಕೇಳ್ರಿ," ಎಂದಳು.

"ನಾಳಿ..." ಅವನು ಮೂಗು ತಿಕ್ಕಿಕೊಂಡ. "ನಾಳಿ ಬರ್ತೀರೇನ್ರಿ? ಕೆಲಸ ಏನಿಲ್ಲ. ಸುಮ್ನ."

"ಸಿಟ್ಟು ಇನ್ನೂ ಹೋಗಿಲ್ಲ ನಂದು."

"ಗೊತ್ತೈತ್ರಿ."

"ಹಂಗ ಸಿಟ್ಟಿನಾಗ ಬರ್ತೀನಿ. ನಡೀತೈತೇನು?"

"ಬರ್ರಿ," ಎಂದ ಹುಲಿಗೇಶ. ಅವನ ಕಣ್ಣಲ್ಲಿ ನೀರಿತ್ತು.