ಅಜ್ಜಿಯ ಮುಖ ಕೆಟ್ಟ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅನಿಮೇಷನ್ ಕಲಾವಿದೆಯೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಮಕ್ಕಳ ಚಿತ್ರಕ್ಕಾಗಿ ಕಂಪ್ಯೂಟರಿನಲ್ಲಿ ಅವಳು ರೂಪಿಸಿದ್ದ ಅಜ್ಜಿಯ ಪಾತ್ರದ ಫೈಲು ತೆರೆಯುತ್ತಿರಲಿಲ್ಲ. ಶುಕ್ರವಾರ ಅದನ್ನು ನಿರ್ದೇಶಕರಿಗೆ ಒಪ್ಪಿಸಬೇಕಿತ್ತು. ತಪ್ಪಿದರೆ ಚಿತ್ರ ಬೇರೆಯವರ ಪಾಲು.

“ಫೈಲು ಕೆಟ್ಟರೆ ಪೊಲೀಸ್ ಯಾಕಮ್ಮ?” ದಫೇದಾರ ಕೇಳಿದ.

“ತಾನಾಗೇ ಕೆಟ್ಟಿಲ್ಲ ಸಾರ್. ಕೆಲಸ ಮುಗಿದಾಗೆಲ್ಲ ಒಂದೊಂದು ಪ್ರತಿ ಕಂಪ್ಯೂಟರಲ್ಲೇ ಇರೋ ಭಂಡಾರಕ್ಕೆ ಸೇರಿಸ್ತೀವಿ. ಒಂದು ಹೋದ್ರೆ ಹಿಂದಿನದು ಇರಲಿ ಅಂತ. ಇತ್ತೀಚಿನವು ಯಾವುವೂ ತೆರೀತಿಲ್ಲ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ದೂರುದಾರಳ ಮನೆಯ ಮಹಡಿ ಕೋಣೆಯಲ್ಲಿ ಒಂದೇ ಕಂಪ್ಯೂಟರು, ಪಕ್ಕಪಕ್ಕದಲ್ಲಿ ಎರಡು ಕುರ್ಚಿ. ಪಂಚರ ಎದುರು ಕಂಪ್ಯೂಟರನ್ನು ವಶಪಡಿಸಿಕೊಂಡರು.

ಮರುದಿನ ಸೈಬರ್ ವಿಭಾಗದ ತಂತ್ರಜ್ಞ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಒಬ್ಬರಿಗೇ ವರದಿ ಹೇಳಿದ.

“ಬರೀ ಅಕ್ಷರದ ಫೈಲಾದ್ರೆ ಈ ಭಂಡಾರ ಪ್ರತಿ ಸಾಲು ಮುಗಿಯೋ ಕಡೆ ಇರೋ ಕಣ್ಣಿಗೆ ಕಾಣದ ಗುರುತುಗಳನ್ನ ತಾನೇ ತಿದ್ದಿ ಇಡುತ್ತೆ. ಏನೂ ತೊಂದರೆಯಿಲ್ಲ. ಚಿತ್ರದ ಫೈಲನ್ನ ಹಾಗೆ ಮುಟ್ಟಬಾರದು, ತಿದ್ದಿದ್ರೆ ಕೆಡುತ್ತೆ. ಯಾರೋ ಇದನ್ನೂ ಅಕ್ಷರ ಅಂತಲೇ ತಿಳಿ ಅಂತ ಸೆಟ್ಟಿಂಗ್ ಬದಲಾಯಿಸಿದ್ದಾರೆ. ಆಮೇಲೆ ಸೇರಿಸಿದ ಪ್ರತಿಯೆಲ್ಲ ಹಾಳು.”

“ಇಷ್ಟು ದಿನ ಗೊತ್ತಾಗಲಿಲ್ವಾ?”

“ಎದುರಿಗಿದ್ದ ಮೂಲ ಫೈಲು ಸರಿಯಾಗೇ ಇತ್ತಲ್ಲ. ಭಾನುವಾರ ಅದನ್ನ ಅಳಿಸಿ, ಭಂಡಾರದ ಕೆಟ್ಟ ಪ್ರತಿ ತಂದು ಇಟ್ಟಿದ್ದಾರೆ.”

“ಸೆಟ್ಟಿಂಗ್ ಬದಲಾದದ್ದು ಯಾವಾಗ?”

“ಜನವರಿ ಒಂಬತ್ತು, ಮಧ್ಯಾಹ್ನ. ನಾಲ್ಕು ತಿಂಗಳಾಯ್ತು.”

ಇನ್‌ಸ್ಪೆಕ್ಟರ್ ದೂರುದಾರಳಿಗೆ ಫೋನ್ ಮಾಡಿದರು. ಕಾರಣ ಹೇಳದೆ, ಆ ದಿನ ಏನಾಗಿತ್ತು ಎಂದಷ್ಟೇ ಕೇಳಿದರು.

“ನಿರ್ದೇಶಕರು ಎರಡು ಅಜ್ಜಿಯನ್ನ ನೋಡಿ ನನ್ನದನ್ನ ಆರಿಸಿದ್ರು. ಸಂಜೆವರೆಗೂ ಅವರ ಆಫೀಸಲ್ಲೇ ಇದ್ದೆ.”

“ಇನ್ನೊಂದು ಯಾರದು?”

“ನಮ್ಮಕ್ಕಂದು. ಅಂದ್ರೆ, ನನ್ನ ಓರಗಿತ್ತಿ. ಒಂದೇ ಮನೇಲಿರ್ತೀವಿ. ಈ ಕೆಲಸ ಕಲಿಸಿದ್ದೇ ಅವರು ಸಾರ್. ಅವರನ್ನ ಇದಕ್ಕೆ ಎಳೀಬೇಡಿ.”

ಬುಧವಾರ ಹಿರಿಯ ಓರಗಿತ್ತಿಯ ವಿಚಾರಣೆ ಮನೆಯಲ್ಲೇ ನಡೆಯಿತು. ಅವಳು ಒಗೆದ ಬಟ್ಟೆ ಮಡಿಸುತ್ತಲೇ ಉತ್ತರಿಸಿದಳು.

“ಭಾನುವಾರ ಕಂಪ್ಯೂಟರ್ ಮುಟ್ಟಿದ್ರಾ?”

“ಇಲ್ಲ.”

“ಫೈಲು ಹೇಗೆ ಕೆಟ್ಟಿರಬಹುದು?”

“ಯಂತ್ರ ಹಳೇದು. ನಾಲ್ಕು ತಿಂಗಳಿಂದ ಪ್ರತಿಗಳು ಕೆಡ್ತಾನೇ ಬಂದಿವೆಯಲ್ಲ.”

“ನಾಲ್ಕು ತಿಂಗಳು ಅಂತ ನಿಮಗೆ ಯಾರು ಹೇಳಿದ್ರು?”

ಮಡಿಸುತ್ತಿದ್ದ ಕೈ ನಿಂತಿತು. “ಅವಳೇ ಹೇಳಿರಬೇಕು.”

“ಅವರಿಗೂ ನಾನು ಹೇಳಿಲ್ಲ.”

ಶೋಧನೆಯಲ್ಲಿ ಅವಳ ಬೀರುವಿನ ಕಾಲುಚೀಲವೊಂದರೊಳಗೆ ಪೆನ್‌ಡ್ರೈವ್ ಸಿಕ್ಕಿತು. ಪಂಚನಾಮೆ ಬರೆದು ತೆರೆಸಿದಾಗ ಅಜ್ಜಿ ಪರದೆಯ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಶನಿವಾರದ ಕೆಲಸದವರೆಗೂ ಒಂದಿಷ್ಟೂ ಕೆಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕಿರಿಯಳು, “ಕೇಳಿದ್ರೆ ಚಿತ್ರದಲ್ಲಿ ನಿಮ್ಮ ಹೆಸರೂ ಹಾಕಿಸ್ತಿದ್ದೆ ಅಕ್ಕಾ” ಅಂದಳು.

“ಅದಕ್ಕೇ ಕೇಳಲಿಲ್ಲ,” ಎಂದಳು ಹಿರಿಯಳು.

ಮಧ್ಯಾಹ್ನ ಒಂದು ಗಂಟೆಗೆ ಅವಳನ್ನು ಬಂಧಿಸಲಾಯಿತು. ಫೈಲಿನ ಪ್ರತಿಯನ್ನು ದೂರುದಾರಳಿಗೆ ಕೊಡಲು ನ್ಯಾಯಾಲಯದ ಅನುಮತಿ ಮರುದಿನವೇ ಸಿಕ್ಕಿತು. ಶುಕ್ರವಾರ ಅಜ್ಜಿ ನಿರ್ದೇಶಕರ ಕೈ ಸೇರಿದಳು.

ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಕೇಳಿದ್ದರು: “ಒಳ್ಳೇ ಪ್ರತಿ ಯಾಕೆ ಇಟ್ಕೊಂಡ್ರಿ? ಅದೇ ನಿಮ್ಮನ್ನ ಹಿಡಿದುಕೊಡ್ತು.”

“ಅಳಿಸೋಕೆ ಕೈ ಬರಲಿಲ್ಲ. ಅವಳು ಮಾಡಿದ್ದನ್ನ ದಿನಾ ಕದ್ದು ನೋಡ್ತಿದ್ದೆ, ಎಲ್ಲಾದ್ರೂ ತಪ್ಪು ಸಿಗುತ್ತೇನೋ ಅಂತ.”

“ಸಿಕ್ತಾ?”

“ನಗುವಾಗ ಆ ಅಜ್ಜಿಗೆ ಒಂದು ಕಣ್ಣು ಚೂರು ಸಣ್ಣ ಆಗುತ್ತೆ, ನೋಡಿದ್ರಾ?” ಅವಳು ಸಹಿ ಹಾಕಿ ಪೆನ್ನು ಕೆಳಗಿಟ್ಟಳು. “ಅದನ್ನ ನಾನು ಹೇಳಿಕೊಟ್ಟಿರಲಿಲ್ಲ.”