ಗೋಡೆಯ ಮೇಲಿನ ಬಿಳಿ ಶೂ

“ನಗಬೇಡ ಕಣೇ! ಪ್ರವಾಹ ಬಂದು ಹೋಗಿದೆ, ನೀನು ನೋಡಿದ್ರೆ ಹಲ್ಲು ಕಿರೀತಾ ನಿಂತಿದ್ದೀಯ!”

ಬ್ರೇಕಿಂಗ್ ತನ್ನ ಅಮ್ಮನ ಫೋನ್ ಹಿಡಿದು ಸಿಡಿಮಿಡಿಗೊಂಡಳು. ಅವಳಿಗೆ ಮನೆಯಲ್ಲಿಟ್ಟ ಒಳ್ಳೆಯ ಹೆಸರೇ ಇತ್ತು. ಆದರೆ ಯಾರ ಹಲ್ಲು ಬಿತ್ತು, ಯಾವ ಮಿಸ್ ರಜೆ ಎಂಬುದನ್ನೆಲ್ಲ ಮೊದಲು ಸಾರುವವಳು ಅವಳೇ. ಹಾಗಾಗಿ ಐದನೇ ಕ್ಲಾಸಿನವರು ‘ಬ್ರೇಕಿಂಗ್ ನ್ಯೂಸ್’ ಎಂದು ಕರೆದರು. ಅದು ಉದ್ದವಾಯಿತೆಂದು ಅರ್ಧಕ್ಕೆ ನಿಲ್ಲಿಸಿದರು.

“ನಗು ಬಂದ್ರೆ ನಾನೇನ್ ಮಾಡ್ಲಿ?” ಎಂದಳು ಗೆಳತಿ ಗುಬ್ಬಿ. “ಅಪ್ಪನ ಬ್ರಶ್ ಡಬ್ಬೀಲಿ ಕಪ್ಪೆ ಕೂತಿತ್ತು ಕಣೇ, ಮನೆ ಓನರ್ ಥರ!”

ಗುಬ್ಬಿಯ ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್. ಅವರು ಒಳಗಿಂದ ಬಕೆಟ್‌ಗಟ್ಟಲೆ ಕೆಸರು ತಂದು ಸುರಿಯುತ್ತಾ, “ಬಾಡಿಗೆ ಕೇಳಿದ್ದಕ್ಕೆ ಎದ್ದು ಹೋಯ್ತಮ್ಮ!” ಎಂದರು. ಅಪ್ಪ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮೂರು ದಿನ ಕಿಟಕಿಯವರೆಗೂ ನೀರು ನಿಂತಿದ್ದ ಮನೆ ಅದು. ಹಾಸಿಗೆ ಹೋಗಿತ್ತು, ಪುಸ್ತಕಗಳು ಹೋಗಿದ್ದವು, ಅಪ್ಪನ ಫೋನ್ ನೀರು ಕುಡಿದು ಕೆಟ್ಟಿತ್ತು. ಅಂಥಾದ್ದರಲ್ಲೂ ನಗುವವರನ್ನು ಫೋಟೋದಲ್ಲಿ ಏನೆಂದು ತೋರಿಸುವುದು? ಕಣ್ಣಾರೆ ಕಂಡದ್ದನ್ನು ಬರೆದು, ಫೋಟೋ ಸಮೇತ ಕಳಿಸಬೇಕೆಂದು ಮಿಸ್ ಹೇಳಿದ್ದರು. ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಅವರು ಪೇಪರಿಗೆ ಕೊಡುತ್ತಾರಂತೆ. ಟಿವಿಯಲ್ಲಿ ಬರುವ ಪ್ರವಾಹದಲ್ಲಿ ಯಾರೂ ನಗುವುದಿಲ್ಲ.

ಆಗ ಬ್ರೇಕಿಂಗ್ ಕಣ್ಣಿಗೆ ಕಾಂಪೌಂಡ್ ಗೋಡೆಯ ಮೇಲಿದ್ದ ಶೂ ಬಿದ್ದವು. ಬೆಳ್ಳಗೆ ತೊಳೆದು ಒಣಗಿಸಿದ ಸ್ಕೂಲ್ ಶೂ. ಹಿಮ್ಮಡಿಯ ಮೇಲೆ ಪೇಂಟರ್ ಅಪ್ಪ ಬರೆದ ಪುಟ್ಟ ಗುಬ್ಬಚ್ಚಿ.

ಗುಬ್ಬಿ, ಅಪ್ಪ ಇಬ್ಬರೂ ಒಳಗೆ ಹೋದರು. ಬ್ರೇಕಿಂಗ್ ಅತ್ತಿತ್ತ ನೋಡಿದಳು. ಒಂದೇ ಒಂದು ಶೂ ತೆಗೆದು, ಬಾಗಿಲ ಮುಂದಿನ ಕೆಸರಲ್ಲಿ ಅಡ್ಡ ಮಲಗಿಸಿ ಕ್ಲಿಕ್ ಮಾಡಿದಳು. ಅಬ್ಬಾ, ಥೇಟ್ ಟಿವಿಯಲ್ಲಿ ಬಂದ ಹಾಗೇ! ಲಂಗದ ತುದಿಯಿಂದ ಶೂ ಒರೆಸಿದಳು. ಕೆಸರು ಇನ್ನಷ್ಟು ಹರಡಿತು. ಹಾಗೇ ಗೋಡೆಯ ಮೇಲಿಟ್ಟು ಮನೆಗೆ ಓಡಿದಳು.

ಫೋಟೋದ ಕೆಳಗೆ ಏನು ಬರೆಯುವುದು? ಪೆನ್ಸಿಲ್ ಕಚ್ಚಿ ಕಚ್ಚಿ ಯೋಚಿಸಿ ಬರೆದಳು: ‘ಈ ಶೂ ಹಾಕಿಕೊಳ್ಳುತ್ತಿದ್ದ ಮಗು ಈಗ ಎಲ್ಲಿ?’ ಓದಿ ಅವಳಿಗೇ ಮೈ ಜುಮ್ ಎಂದಿತು. ಹಾಗೇ ಮಿಸ್‌ಗೆ ಕಳಿಸಿದಳು.

ಮೂರನೇ ದಿನ ಬೆಳಗ್ಗೆ ಪೇಪರಿನಲ್ಲಿ ಬಂದೇ ಬಂತು! ‘ಪ್ರತ್ಯಕ್ಷದರ್ಶಿ: ಐದನೇ ತರಗತಿ ವಿದ್ಯಾರ್ಥಿನಿ’ ಎಂದೂ ಹಾಕಿದ್ದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆಂಟರಿಗೆಲ್ಲ ಫೋನಿನಲ್ಲಿ ಸಾರಿ ಮುಗಿಸಿ, ಮಧ್ಯಾಹ್ನ ಪೇಪರ್ ಮಡಚಿಕೊಂಡು ಗುಬ್ಬಿ ಮನೆಗೆ ಓಡಿದಳು.

ಗುಬ್ಬಿ ಬೀದಿ ತುದಿಯ ಟ್ಯಾಂಕರ್‌ನಿಂದ ನೀರು ಹೊತ್ತು ತರುತ್ತಿದ್ದಳು. ಗೋಡೆಯ ಮೇಲೆ ಶೂ ಮತ್ತೆ ಒದ್ದೆಯಾಗಿ ಕೂತಿದ್ದವು.

“ಬೆಕ್ಕು ಒಂದು ಶೂ ಕೆಸರಿಗೆ ಕೆಡವಿತ್ತು ಕಣೇ,” ಎಂದಳು ಗುಬ್ಬಿ. “ಮೂರು ಸಲ ತೊಳೆದ್ವಿ, ಕಲೆ ಹೋಗ್ತಾನೇ ಇಲ್ಲ. ಸ್ಕೂಲ್ ಬೇರೆ ನಾಳೆ ಶುರು. ಆ ಬೆಕ್ಕು ಕೈಗೆ ಸಿಗ್ಲಿ, ಮಾಡ್ತೀನಿ!”

ಬ್ರೇಕಿಂಗ್ ಪೇಪರನ್ನು ಬೆನ್ನ ಹಿಂದೆ ಹಿಡಿದಳು.

ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಎದ್ದು ಬಿದ್ದು ಬರುತ್ತಿದ್ದರು. ಗುಬ್ಬಿಯ ಅಜ್ಜಿ! ದೂರದ ಊರಿನವರು. ತಲೆ ಬಾಚಿರಲಿಲ್ಲ, ಕೈಯಲ್ಲಿ ಚೀಲವೂ ಇರಲಿಲ್ಲ. ಮುದ್ದೆಯಾದ ಪೇಪರ್ ಒಂದಿತ್ತು.

“ಮಗು ಎಲ್ಲೋ? ನನ್ನ ಮಗು ಎಲ್ಲಿ?”

“ಅಮ್ಮಾ! ಏನಾಯ್ತಮ್ಮಾ? ಇಲ್ಲೇ ಇದ್ದಾಳಲ್ಲ!” ಅಪ್ಪ ಗಾಬರಿಯಿಂದ ಓಡಿ ಬಂದರು.

ಅಜ್ಜಿ ಗುಬ್ಬಿಯನ್ನು ಕಂಡದ್ದೇ ಕೆಸರಲ್ಲೇ ಕುಸಿದು ಕೂತರು. ಅವಳ ಒಂದು ಪಾದ ಮುಟ್ಟಿದರು, ಇನ್ನೊಂದು ಪಾದ ಮುಟ್ಟಿದರು. ಎರಡನ್ನೂ ಅಪ್ಪಿ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು.

“ಗುಬ್ಬಚ್ಚಿ ನೋಡಿದ ಕೂಡ್ಲೇ ಗುರುತು ಸಿಕ್ತು ಕಣಪ್ಪಾ. ಫೋನ್ ಮಾಡಿದ್ರೆ ಹೋಗ್ಲೇ ಇಲ್ಲ. ಮೂರು ಬಸ್ ಬದಲಾಯಿಸಿ ಬಂದೆ. ದಾರೀಲೆಲ್ಲಾ ನನ್ನ ಜೀವ ನನ್ನ ಕೈಲಿರಲಿಲ್ಲ...”

ಅಪ್ಪ ಪೇಪರ್ ಬಿಡಿಸಿ ಓದಿದರು. ಅವರ ಮುಖದ ನಗು ಯಾವತ್ತೂ ಇರಲೇ ಇಲ್ಲವೇನೋ ಎಂಬಂತಾಯಿತು. “ಯಾವ ಪುಣ್ಯಾತ್ಮರು ಬರೆದಿದ್ದು ಇದನ್ನ?”

ಬ್ರೇಕಿಂಗ್‌ಗೆ ಓಡಿಹೋಗಬೇಕೆನಿಸಿತು. ಆದರೆ ಬೆನ್ನ ಹಿಂದಿನ ಪೇಪರನ್ನು ಮುಂದೆ ತಂದಳು. “ನಾನು,” ಎಂದಳು. “ಶೂ... ಬೆಕ್ಕು ಬೀಳಿಸಿದ್ದಲ್ಲ. ನಾನೇ ಇಟ್ಟಿದ್ದು.”

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, “ಆವತ್ತು ನೀನು ಇಲ್ಲೇ ಇದ್ಯೇನಮ್ಮಾ? ನಮ್ಮ ಮಗು ಹೇಗಿದ್ಲು?”

“ನಗ್ತಾ ಇದ್ಲು ಅಜ್ಜಿ. ಡಬ್ಬೀಲಿ ಕಪ್ಪೆ ಇತ್ತಂತೆ. ಅಂಕಲ್ ಕೂಡ ನಗ್ತಾ ಇದ್ರು.” ಅವಳಿಗೆ ಅಳು ಉಕ್ಕಿ ಬಂತು. “ನಾನೇ ನಗಬೇಡ ಅಂದೆ.”

ಅಜ್ಜಿ ತಲೆಯಾಡಿಸಿದರು. ಆ ನಗುವನ್ನು ಪೇಪರಿನಲ್ಲಿ ಓದಿದ್ದರೆ ಅವರು ಈ ಹೊತ್ತಿಗೆ ತಮ್ಮ ಮನೆಯಲ್ಲಿ ಕೂತು, ಮೊಮ್ಮಗಳು ಚೆನ್ನಾಗಿದ್ದಾಳೆಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರು. ಬ್ರೇಕಿಂಗ್‌ಗೆ ಅದು ಆಗ ಹೊಳೆಯಿತು. ಆದರೆ ಪೇಪರ್ ಎಲ್ಲೆಲ್ಲಿಗೋ ಹೋಗಿ ಆಗಿತ್ತು, ಓಡಿಹೋಗಿ ಒಂದೊಂದನ್ನೇ ವಾಪಸ್ ಇಸಿದುಕೊಳ್ಳುವಂತಿರಲಿಲ್ಲ.

“ಸಾರಿ ಕಣೇ,” ಎಂದಳು.

ಗುಬ್ಬಿ ಗೋಡೆಯ ಹತ್ತಿರ ಹೋಗಿ ಶೂ ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು.

ಗೋಡೆಯ ಮೇಲೆ ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು. ಶೂ ಇನ್ನೂ ಒಣಗಿರಲಿಲ್ಲ.