ಯಾವ ಅಂಚು ಸವೆದಿದೆ

ಐಶ್ವರ್ಯಾ ಸಾಣೆ ರೂಮಿಗೆ ಮೊದಲ ಸಲ ಬಂದದ್ದೇ ಜಗಳಕ್ಕೆ. ಬಾಗಿಲು ತಟ್ಟಲಿಲ್ಲ. ಕೈಯಲ್ಲಿದ್ದ ಸ್ಕೇಟ್ ಶೂಗಳನ್ನು ಯಜ್ಞೇಶನ ಮೇಜಿನ ಮೇಲೆ ದೊಪ್ಪೆಂದು ಹಾಕಿದಳು.

“ಇದನ್ನ ಸಾಣಿ ಹಿಡಿದವ್ರು ಯಾರ್ರಿ?”

ಆ ರೂಮಿನಲ್ಲಿ ಇದ್ದದ್ದು ಒಂದು ಸಾಣೆ ಮೆಷಿನ್, ಒಂದು ಸ್ಟೂಲು ಮತ್ತು ಯಜ್ಞೇಶ್. ಮೆಷಿನ್ ತಾನಾಗಿ ಎದ್ದು ಕೆಲಸ ಮಾಡುವಂಥದ್ದಲ್ಲ.

“ನಾನೇ. ಎಂತಾಯ್ತು?”

“ನಿನ್ನೆ ಪ್ರ್ಯಾಕ್ಟಿಸ್‌ದಾಗ ನಮ್ಮ ಟೀಮಿನ ಹುಡುಗ ಹಂಝ ಮೂರು ಸಲ ಬಿದ್ದಾನ. ಬ್ಲೇಡ್ ಕೆಡಿಸಿ ಇಟ್ಟೀರಿ ನೀವು.”

ಯಜ್ಞೇಶನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮಾಸ್ಟರ ಜೊತೆ ಜಗಳಾಡಿ ಶಾಲೆ ಬಿಟ್ಟವನು. ಕಿನ್ನಿಗೋಳಿಯಲ್ಲಿ ಮಾವನ ಸೆಲೂನಿನಲ್ಲಿ ನಿಂತು ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುವುದನ್ನು ಕಲಿತ. ಆ ಕೈಯನ್ನೇ ನಂಬಿ ದೋಹಾಕ್ಕೆ ಬಂದು, ಅಲ್ ಮನ್ಸೂರಾದ ಒಂದು ಸೆಲೂನಿನಲ್ಲಿ ಎರಡು ವರ್ಷ ಊರವರ ಗಡ್ಡ ಹೆರೆದು, ಅಲ್ಲಿಯೂ ಜಗಳಾಡಿ, ಕೊನೆಗೆ ಈ ಮಾಲಿನ ಐಸ್ ರಿಂಕಿಗೆ ಬಂದು ಸೇರಿದ್ದ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು; ಒಳಗೆ ವರ್ಷವಿಡೀ ಸ್ವೆಟರ್. ಅವನನ್ನು ಕಲಿಯದವನು ಅನ್ನಿ, ಬಾಯಿ ಹರಕ ಅನ್ನಿ, ಸಹಿಸಿಕೊಳ್ಳುತ್ತಿದ್ದ. ನೀನು ಹಿಡಿದ ಅಂಚು ಸರಿಯಿಲ್ಲ ಅಂದರೆ ಮಾತ್ರ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

“ನಿಮ್ಮ ಉಗುರು ಕೊಡಿ,” ಎಂದ.

“ಏನು?”

“ಹೆಬ್ಬೆರಳಿನ ಉಗುರು.”

ಎಡಗಾಲಿನ ಶೂವನ್ನು ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿದ. ಸ್ಕೇಟಿನ ಬ್ಲೇಡ್ ಚೂರಿಯ ಹಾಗಲ್ಲ. ಅಡಿಯಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು, ಅದರ ಎರಡು ಬದಿಗೆ ಎರಡು ಅಂಚು, ಒಳಗಿನದೊಂದು, ಹೊರಗಿನದೊಂದು.

“ಒಳಗಿನ ಅಂಚಿನ ಮೇಲೆ ಉಗುರು ಎಳೀರಿ. ಮೆಲ್ಲ.”

ಅವಳು ಎಳೆದಳು. ಏನೂ ಆಗಲಿಲ್ಲ. ಅಂಚು ಮೊಂಡಾಗಿತ್ತು.

“ಈಗ ಹೊರಗಿನದ್ದು.”

ಉಗುರಿನಿಂದ ಸಣ್ಣಗೆ ಬಿಳಿ ಪುಡಿ ಎದ್ದಿತು.

“ಹತ್ತು ದಿನದ ಹಿಂದೆ ಎರಡನ್ನೂ ಒಂದೇ ಹದಕ್ಕೆ ತಂದು ಕೊಟ್ಟದ್ದು ನಾನು. ಒಂದು ಸವೆದಿದೆ, ಇನ್ನೊಂದು ನಾನು ಕೊಟ್ಟ ಹಾಗೇ ಉಂಟು. ಎಡಗಡೆ ತಿರುಗುವಾಗ ಈ ಹೊರಗಿನ ಅಂಚಿನ ಮೇಲೆ ನಿಲ್ಲಬೇಕು. ನಿಮ್ಮ ಹುಡುಗ ಹತ್ತು ದಿನದಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಬ್ಲೇಡ್ ಕೆಟ್ಟದ್ದಲ್ಲ ಮೇಡಂ, ಅವನಿಗೆ ಹೆದರಿಕೆ ಉಂಟು.”

“ನಿಮ್ಗ ಸ್ಕೇಟಿಂಗ್ ಬರ್ತದೇನ್ರಿ?”

“ಇಲ್ಲ.”

“ಒಮ್ಮೆಯಾದ್ರೂ ಐಸ್ ಮ್ಯಾಲೆ ಕಾಲಿಟ್ಟೀರೇನು?”

“ಇಲ್ಲ.”

“ಮತ್ತ ನಂಗ ಪಾಠ ಹೇಳಾಕ ಹತ್ತೀರಿ.”

ಹೊರಟೇ ಹೋದಳು. ಬಾಗಿಲಿನ ಹತ್ತಿರ ಮಾತ್ರ ಅರ್ಧ ಕ್ಷಣ ನಿಂತು, ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಆಮೇಲೆ ಅವನನ್ನು. ಆ ಅರ್ಧ ಕ್ಷಣವನ್ನು ಯಜ್ಞೇಶ್ ರಾತ್ರಿ ಊಟಕ್ಕೂ ಜೊತೆಗೆ ತೆಗೆದುಕೊಂಡು ಹೋದ.

ಮರುದಿನ ಅವಳು ಎರಡು ಕಪ್ ಕರಕ್ ಚಹಾದೊಂದಿಗೆ ಬಂದಳು. ಈ ಸಲ ಬಾಗಿಲು ತಟ್ಟಿದಳು.

“ಸಾರಿ ಅಂತೂ ಅನ್ನಂಗಿಲ್ಲ ನಾನು. ಚಾ ತಂದೀನಿ.”

“ಅಷ್ಟು ಸಾಕು.”

“ಒಂದು ತಾಸು ಲೆಕ್ಕಾ ಹಾಕೀನಿ. ಬಲಕ್ಕ ನಲ್ವತ್ತು ಸಲ ತಿರುಗ್ಯಾನ, ಎಡಕ್ಕ ಒಂದೂ ಇಲ್ಲ. ಜನವರಿಯೊಳಗ ಎಡಕ್ಕ ತಿರುಗೂ ಮುಂದ ಬಿದ್ದು ಭುಜಕ್ಕ ಪೆಟ್ಟಾಗಿತ್ತಂತ. ಯಾರಿಗೂ ಹೇಳಿಲ್ಲ ಮಗಾ.” ಅವಳು ಸ್ಟೂಲಿನ ಮೇಲೆ ಕುಳಿತಳು. “ನಾನು ಕೋಚು. ನಂಗ ಕಾಣಲಿಲ್ಲ. ನಿಮ್ಗ ಈ ಗೂಡಿನ್ಯಾಗ ಕುಂತು ಕಂಡ್ತು.”

ರಿಂಕಿನ ಐಸ್ ಹಾಕಿ ಟೀಮಿನ ಹೆಸರು ಪರ್ಲ್ ಡೈವರ್ಸ್. ಗಲ್ಫ್ ಲೀಗಿನಲ್ಲಿ ಸಾಲಾಗಿ ಹನ್ನೊಂದು ಮ್ಯಾಚು ಸೋತು ಎಲ್ಲರಿಗಿಂತ ಕೆಳಗೆ ಕುಳಿತಿತ್ತು. ಮಾಲೀಕರು ಪ್ರತಿ ವರ್ಷ ಹೊರದೇಶದಿಂದ ಆಟಗಾರರನ್ನು ಕರೆಸುತ್ತಿದ್ದರು. ಬರುವವರಿಗೆ ಮೂವತ್ತೆಂಟು ವಯಸ್ಸು, ಮೊಣಕಾಲಿಗೆ ಬ್ಯಾಂಡೇಜು. ದೋಹಾದಲ್ಲೇ ಹುಟ್ಟಿ ಬೆಳೆದ ಎಂಟು ಹುಡುಗರು ಅವರಿಗೆ ನೀರಿನ ಬಾಟಲಿ ಹಿಡಿದುಕೊಂಡು ಬೆಂಚಿನಲ್ಲಿ ಕೂರಬೇಕು. ಇದನ್ನು ನೆನೆದರೆ ಯಜ್ಞೇಶನ ರಕ್ತ ಕುದಿಯುತ್ತಿತ್ತು. ಬಾಗಿಲ ಹೊರಗೇ ನಿಲ್ಲಿಸಿದರೆ ಒಳಗಿನ ಕೆಲಸ ಬರುವುದು ಹೇಗೆ?

ಆ ಎಂಟು ಹುಡುಗರನ್ನು ತಯಾರು ಮಾಡುವುದೇ ಐಶ್ವರ್ಯಾಳ ಕೆಲಸ. ಅಪ್ಪ ವಿಜಯಕುಮಾರ ಧಾರವಾಡದ ಕಡೆಯವರು, ಗ್ಯಾಸ್ ಪ್ಲಾಂಟಿನಲ್ಲಿ ಇಪ್ಪತ್ತೈದು ವರ್ಷ. ಅಲ್ ಥುಮಾಮಾದ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಧಾರವಾಡದ ಮಾತು. ಮನೆಯಿಂದ ಹೊರಬಿದ್ದರೆ ಐಸ್. ಆರನೇ ವಯಸ್ಸಿಗೆ ಮಾಲಿನಲ್ಲಿ ಜಾರಲು ಕಲಿತವಳು ಅಲ್ಲೇ ಉಳಿದಿದ್ದಳು.

“ಈ ಸೀಸನ್ ಮುಗಿಯೂದ್ರಾಗ ಒಬ್ಬ ಹುಡುಗನಾದ್ರೂ ದೊಡ್ಡ ಟೀಮಿನ್ಯಾಗ ಆಡ್ಬೇಕಂತ,” ಎಂದಳು ಚಹಾದ ಕಪ್ಪಿನೊಳಗೆ ನೋಡುತ್ತ. “ಇಲ್ಲಾಂದ್ರ ಜೂನಿಯರ್ ಟೀಮ್ ಖಲಾಸ್. ನಂಗ ಕುವೈತಿನ ಒಂದು ಸಾಲಿಯಿಂದ ಆಫರ್ ಐತಿ. ಆಟದ ಟೀಚರ್.”

ಯಜ್ಞೇಶನಿಗೆ ಚಹಾ ಇದ್ದಕ್ಕಿದ್ದಂತೆ ಕಹಿಯಾಯಿತು. ಪರಿಚಯವಾಗಿ ಇನ್ನೂ ಎರಡು ದಿನ, ಅದರಲ್ಲೂ ಒಂದು ದಿನ ಜಗಳ.

ಅಂದಿನಿಂದ ವಾರಕ್ಕೆ ಮೂರು ಸಲ ಅವಳು ಬರತೊಡಗಿದಳು. ಇಬ್ಬರೂ ಹುಡುಗರ ಶೂಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದರು. ಇವನು ನಿಲ್ಲುವಾಗ ಒಂದೇ ಕಾಲು ಊರುತ್ತಾನೆ. ಇವನು ಹಿಮ್ಮಡಿ ಮೇಲೆ ಕೂರುತ್ತಾನೆ, ಸೋಮಾರಿ. ಇವನ ಬ್ಲೇಡಿನಲ್ಲಿ ಸಿಮೆಂಟಿನ ಗೀರು ಉಂಟು, ಕವರ್ ಹಾಕದೆ ಪಾರ್ಕಿಂಗಿಗೆ ಹೋಗಿದ್ದಾನೆ, ನಾಳೆ ಬರಲಿ ಅವ. ಅವನು ಹೇಳುತ್ತಿದ್ದ, ಅವಳು ಐಸಿಗೆ ಹೋಗಿ ತಿದ್ದುತ್ತಿದ್ದಳು. ಒಂದೇ ಶೂವಿನ ಮೇಲೆ ಎರಡು ತಲೆ ಬಾಗಿದಾಗ ಅವಳ ಜಡೆ ಅವನ ಮೊಣಕೈಗೆ ತಾಗುತ್ತಿತ್ತು. ಇಬ್ಬರೂ ಅದನ್ನು ಗಮನಿಸದವರಂತೆ ಬಹಳ ಗಮನವಿಟ್ಟು ಇರುತ್ತಿದ್ದರು.

“ಅಣ್ಣ,” ಎಂದ ಹಂಝ ಒಂದು ದಿನ. ಉಳ್ಳಾಲದ ಕಡೆಯ ಬ್ಯಾರಿ ಮನೆಯ, ಹದಿನೇಳು ವರ್ಷದ ಹುಡುಗ. ಅವನ ಕನ್ನಡದಲ್ಲಿ ಅರ್ಧ ಇಂಗ್ಲಿಷು. “ಕೋಚ್ ಬರುವ ಟೈಮಿಗೆ ಎಕ್ಸಾಕ್ಟ್ಲಿ ನೀವು ಯಾಕೆ ತಲೆ ಬಾಚುದು?”

“ನಿನ್ನ ಎಡಗಾಲು ಸರಿ ಮಾಡ್ಲಿಕ್ಕೆ ನೋಡು ಮೊದಲು.”

“ಎಡಗಾಲು ಈಗ ಫೈನ್ ಉಂಟು. ನಿಮ್ಮ ಮುಖ ಫೈನ್ ಇಲ್ಲ. ಫುಲ್ ರೆಡ್.”

ಯಜ್ಞೇಶ್ ಕೈಗೆ ಸಿಕ್ಕಿದ ಒರೆಸುವ ಬಟ್ಟೆಯನ್ನು ಎಸೆದ. ಹುಡುಗ ತಪ್ಪಿಸಿಕೊಂಡು ಓಡಿದ. ಎಡಕ್ಕೇ ತಿರುಗಿ ಓಡಿದ.

ಸಾಣೆಗೆ ಬರುವ ಶೂಗಳಲ್ಲಿ ಒಂದು ಜೊತೆಗೆ ಹೆಸರಿನ ಚೀಟಿ ಇರುತ್ತಿರಲಿಲ್ಲ. ಬಿಳಿ ಬಣ್ಣ, ಚಿಕ್ಕ ಸೈಜು. ಎರಡು ವರ್ಷದಿಂದ ಯಾರದೆಂದು ಗೊತ್ತಿಲ್ಲದೆಯೇ ಯಜ್ಞೇಶ್ ಅದಕ್ಕೆ ಸಾಣೆ ಹಿಡಿದಿದ್ದ. ಉಳಿದ ಶೂ ಎಂಟು ನಿಮಿಷದಲ್ಲಿ ಮುಗಿದರೆ ಅದಕ್ಕೆ ಮುಕ್ಕಾಲು ಗಂಟೆ. ಅದರ ಬ್ಲೇಡಿನಲ್ಲಿ ಏನೋ ಒಂದು ಇತ್ತು, ನೋಡಿದರೆ ಎದೆ ಹಿಂಡುವಂಥದ್ದು. ಒಂದು ಸಂಜೆ ಐಶ್ವರ್ಯಾ ಸುಸ್ತಾಗಿ ಬಂದು ಸ್ಟೂಲಿನ ಮೇಲೆ ಕುಳಿತು ಲೇಸು ಬಿಚ್ಚಿ, ತನ್ನ ಶೂವನ್ನು ಅವನ ಮುಂದಿಟ್ಟಳು. ಅದೇ ಬಿಳಿ ಶೂ.

ಅವನು ಅದನ್ನು ತಿರುಗಿಸಿ ಬೆಳಕಿಗೆ ಹಿಡಿದ.

“ಎಲ್ಲಾರ ಜಾತಕ ಹೇಳ್ತೀರಿ,” ಎಂದಳು ಗಲ್ಲಕ್ಕೆ ಕೈಕೊಟ್ಟು. “ನಂದೇನ್ ಹೇಳ್ತದ?”

“ಹೇಳುದಿಲ್ಲ.”

“ಯಾಕ?”

“ಈಗ ಹೇಳುದಿಲ್ಲ.”

“ಅಷ್ಟ ಕೆಟ್ಟ ಐತೇನು?”

“ಕೆಟ್ಟದ್ದಲ್ಲ.” ಅವನು ಶೂವಿನತ್ತಲೇ ನೋಡುತ್ತಿದ್ದ. “ಕೊನೆಯ ಮ್ಯಾಚ್ ಆಗ್ಲಿ. ಮತ್ತೆ ಹೇಳ್ತೇನೆ.”

“ಅಷ್ಟ್ರಾಗ ನಾನು ಕುವೈತಿಗೆ ಹೋಗಿಬಿಟ್ರ?”

ಅವನು ಮೆಷಿನ್ ಆನ್ ಮಾಡಿದ. ಕಿಡಿಗಳು ಹಾರಿದವು, ಅವಳು ಆ ಬೆಳಕಿನಲ್ಲಿ ಅವನ ಮುಖವನ್ನು ನೋಡುತ್ತ ಕುಳಿತಳು. ಅವನಿಗೆ ಅದು ಗೊತ್ತಾಗುತ್ತಲೇ ಇತ್ತು.

ಕೊನೆಯ ಮ್ಯಾಚಿಗೆ ಮೂರು ದಿನ ಇರುವಾಗ ಹೊರದೇಶದ ಇಬ್ಬರು ಆಟಗಾರರಿಗೆ ಒಟ್ಟಿಗೆ ಸ್ನಾಯು ಸೆಳೆತ. ಯಾರು ಆಡಬೇಕೆಂಬ ಕೊನೆಯ ಮಾತು ಮ್ಯಾನೇಜರ್ ಯೂಸ್ಟೇಸ್ ಅವರದು, ಮಂಗಳೂರಿನವರು. ಯಜ್ಞೇಶ್ ಶೂಗಳ ಟ್ರಾಲಿ ತಳ್ಳಿಕೊಂಡು ಅವರ ಆಫೀಸಿನ ಮುಂದೆ ಹೋಗುವಾಗ ಒಳಗಿನ ಮಾತು ಕೇಳಿತು.

“ದುಬೈಯಿಂದ ಇಬ್ಬರನ್ನು ತರಿಸ್ತೇನೆ ಐಶ್ವರ್ಯಾ. ಒಂದು ಮ್ಯಾಚಿಗೆ.”

“ಹಂಝನ್ನ ಆಡಸ್ರಿ ಸರ್.”

“ಅವ ಬೀಳ್ತಾನಲ್ಲ. ಎಡಗಡೆ ತಿರುಗಲಿಕ್ಕೆ ಆಗುದಿಲ್ಲ ಅಂತ ನೀವೇ ರಿಪೋರ್ಟಲ್ಲಿ ಬರೆದದ್ದು.”

“ಅದು ಹಳೇ ರಿಪೋರ್ಟ್ ಸರ್. ಈಗ ಸುಧಾರಿಸ್ಯಾನ.”

“ನೀವು ಅವನ ಕೋಚು. ನೀವು ಬೇರೆ ಎಂತ ಹೇಳ್ತೀರಿ?”

ಯಜ್ಞೇಶ್ ಟ್ರಾಲಿ ಬಿಟ್ಟು ತನ್ನ ರೂಮಿಗೆ ಓಡಿ, ಡ್ರಾಯರಿನಿಂದ ಒಂದು ಬ್ಲೇಡ್ ತೆಗೆದುಕೊಂಡು ಬಂದು ನೇರ ಒಳಗೆ ನುಗ್ಗಿದ.

ಯೂಸ್ಟೇಸ್ ತಲೆ ಎತ್ತಿದರು. ಇಬ್ಬರೇ ಇದ್ದರೆ ತುಳುವಿನಲ್ಲಿ ಬೈಯುತ್ತಿದ್ದರು. ಐಶ್ವರ್ಯಾ ಇದ್ದಳೆಂದು ಕನ್ನಡದಲ್ಲಿ ಬೈದರು. “ಎಂತ ಮಾರಾಯ, ಬಾಗಿಲು ಕಾಣುದಿಲ್ವಾ ನಿಂಗೆ? ಬೊಬ್ಬೆ ಹಾಕಿದ್ದಕ್ಕೆ ಎರಡು ವಾರ್ನಿಂಗ್ ಲೆಟರ್ ಉಂಟು ನಿನ್ನ ಮೇಲೆ. ಮೂರನೆಯದಕ್ಕೆ ಊರಿನ ಟಿಕೆಟ್.”

ಯಜ್ಞೇಶನ ಗಂಟಲಲ್ಲಿ ಕೂಗು ತಯಾರಾಗಿ ನಿಂತಿತ್ತು. ಜೀವನದಲ್ಲಿ ಮೊದಲ ಸಲ ಅವನು ಅದನ್ನು ನುಂಗಿದ. ಡ್ರಾಯರಿನ ಬ್ಲೇಡನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಟ್ರಾಲಿಯಲ್ಲಿದ್ದ ಹಂಝನ ಎಡಗಾಲಿನ ಶೂ.

“ಉಗುರು ಕೊಡಿ ಸರ್.”

“ಎಂತ?”

“ಇದು ಅವನ ಹಳೇ ಬ್ಲೇಡ್. ಮೊದಲ ದಿನ ಮೇಡಂ ತಂದದ್ದು. ಬಿಚ್ಚಿ ಹಾಗೇ ಇಟ್ಟಿದ್ದೇನೆ, ಸಾಣೆ ಕೊಡ್ಲಿಲ್ಲ. ಹೊರಗಿನ ಅಂಚು ಮುಟ್ಟಿ ನೋಡಿ, ಉಗುರು ಹೆರೀತದೆ. ಅವ ಅದರ ಮೇಲೆ ನಿಂತದ್ದೇ ಇಲ್ಲ. ಈಗ ಶೂವಿನದ್ದು ನೋಡಿ. ನಿನ್ನೆ ಪ್ರ್ಯಾಕ್ಟಿಸ್ ಮಾಡಿ ಬಂದದ್ದು.”

ಯೂಸ್ಟೇಸ್ ಗೊಣಗುತ್ತ ಉಗುರು ಎಳೆದರು. ಒಂದು ಸಲ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ. ಹೊಸ ಬ್ಲೇಡಿನ ಎರಡೂ ಅಂಚು ಒಂದೇ ಸಮ ಸವೆದಿದ್ದವು.

“ಕೋಚ್ ಸುಳ್ಳು ಹೇಳಬಹುದು, ನಾನು ಹೇಳಬಹುದು,” ಎಂದ ಯಜ್ಞೇಶ್. “ಕಬ್ಬಿಣ ಯಾಕೆ ಹೇಳ್ತದೆ ಸರ್?”

ಯೂಸ್ಟೇಸ್ ತಮ್ಮ ಹೆಬ್ಬೆರಳನ್ನೇ ನೋಡುತ್ತ ಕುಳಿತರು. ಆಮೇಲೆ ಕೈ ಬೀಸಿದರು. “ಯಲ್ಲಾ, ಆಯ್ತು, ಆಡ್ಲಿ. ಬಿದ್ರೆ ನೀವಿಬ್ಬರೂ ನಂಗೆ ಮುಖ ತೋರಿಸ್ಬೇಡಿ.”

ಹೊರಗೆ ಕಾರಿಡಾರಿನಲ್ಲಿ ಐಶ್ವರ್ಯಾ ಅವನ ಸ್ವೆಟರಿನ ತೋಳು ಹಿಡಿದು ನಿಲ್ಲಿಸಿದಳು.

“ಕೆಲಸ ಹೋಗ್ತಿತ್ತಲ್ರಿ.”

“ಹೋಗ್ತಿತ್ತು.”

“ಹಂಝನ ಸಲುವಾಗಿ?”

“ಹಂಝನ ಸಲುವಾಗಿಯೂ.”

ಅವಳು ತೋಳು ಬಿಡಲಿಲ್ಲ. ಟ್ರಾಲಿ ಮೆಲ್ಲಗೆ ತಾನೇ ಉರುಳಿ ಹೋಗಿ ಗೋಡೆಗೆ ತಾಗಿ ನಿಂತಿತು.

ಗುರುವಾರ ಸಂಜೆ ಮನಾಮಾದ ಟೀಮಿನೆದುರು ಮ್ಯಾಚು. ಎದುರಾಳಿಗಳದು ನಾಲ್ಕು ಗೋಲು, ಡೈವರ್ಸ್‌ದು ಎರಡು. ಉಳಿದದ್ದು ಆರು ನಿಮಿಷ. ಹಂಝ ಚೆಂಡಿನ ಬದಲು ಆಡುವ ಕಪ್ಪು ರಬ್ಬರಿನ ಬಿಲ್ಲೆಯನ್ನು ಕೋಲಿನ ತುದಿಗೆ ಅಂಟಿಸಿಕೊಂಡವನಂತೆ ಗೋಲಿನ ಹಿಂದಿನಿಂದ ಬಂದ. ಬಲಕ್ಕೆ ತಿರುಗುತ್ತಾನೆಂದು ಎದುರಿನ ಇಬ್ಬರೂ ಬಲಕ್ಕೆ ಹಾರಿದರು. ಹುಡುಗ ಎಡಗಾಲಿನ ಹೊರ ಅಂಚಿನ ಮೇಲೆ ಇಡೀ ಮೈ ಇಟ್ಟು, ಐಸಿನಿಂದ ಬಿಳಿ ಧೂಳು ಎಬ್ಬಿಸಿ, ಎಡಕ್ಕೆ ತಿರುಗಿದ.

ಗೋಲು.

ಗ್ಯಾಲರಿಯಲ್ಲಿ ಅವನ ತಾಯಿ ರೈಹಾನಾ ಎದ್ದು ನಿಂತು ಪಕ್ಕದಲ್ಲಿದ್ದ ಗುರುತಿಲ್ಲದ ಫಿಲಿಪಿನೋ ಹೆಂಗಸನ್ನು ತಬ್ಬಿಕೊಂಡರು. ಯಜ್ಞೇಶನಿಗೆ ಬೊಬ್ಬೆ ಹಾಕಿದ್ದು ನೆನಪಿಲ್ಲ, ಆದರೆ ಮರುದಿನ ಸ್ವರ ಇರಲಿಲ್ಲ.

ಡೈವರ್ಸ್ ಒಂದು ಗೋಲಿನಿಂದ ಸೋತರು. ಮತ್ತೊಂದು ಸೋಲು. ಆದರೂ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಯೂಸ್ಟೇಸ್ ಫೋನ್ ಹಿಡಿದು ಬಂದರು.

“ಓನರ್ ಕೇಳಿದ್ರು, ಆ ಹುಡುಗನ ಹಾಗೆ ಇನ್ನೆಷ್ಟು ಜನ ಇದ್ದಾರೆ ಅಂತ.”

“ನೀವೇನಂದ್ರಿ?”

“ಹನ್ನೊಂದು ಅಂದೆ.”

“ಇರಾವ್ರು ಎಂಟ ಮಂದಿ ಸರ್.”

“ಉಳಿದವರನ್ನು ಹುಡುಕಿ ತಯಾರು ಮಾಡಿ. ಮುಂದಿನ ಸೀಸನಿಗೂ ನಿಮಗೆ ಸಂಬಳ ಕೊಡುದು ಮತ್ತೆಂತಕ್ಕೆ?”

ಮರುದಿನ ಶುಕ್ರವಾರ, ಮಾಲು ತೆರೆಯುವ ಮೊದಲಿನ ಬೆಳಗು. ಐಸ್ ಮೇಲೆ ಒಂದು ಗೆರೆಯೂ ಇಲ್ಲ. ಐಶ್ವರ್ಯಾ ಬಿಳಿ ಶೂ ಹಾಕಿಕೊಂಡು ಕಟಾಂಜನದ ಆ ಬದಿ ನಿಂತಿದ್ದಳು, ಯಜ್ಞೇಶ್ ಈ ಬದಿ.

“ಕುವೈತಿಗೆ ಬರಂಗಿಲ್ಲ ಅಂತ ಬರದು ಕಳಿಸೀನಿ. ಈಗ ಹೇಳ್ರಿ. ನನ್ನ ಬ್ಲೇಡ್ ಏನ್ ಹೇಳ್ತದ?”

ಅವನು ಒಡೆದ ಸ್ವರದಲ್ಲಿ ಹೇಳಿದ. “ಮುಂದಿನ ತುದಿ ಸವೆದಿದೆ. ಹಿಮ್ಮಡಿಯ ಕಡೆ ಹೊಸತೇ ಉಂಟು. ನೀವು ಯಾವಾಗ್ಲೂ ಹಿಂದಕ್ಕೆ ಹಿಂದಕ್ಕೆ ಹೋಗುದು, ಆ ಮಕ್ಕಳ ಮುಖ ನೋಡ್ತಾ. ಎರಡು ವರ್ಷದಲ್ಲಿ ನಿಮಗೋಸ್ಕರ ಒಂದು ರೌಂಡ್ ಮುಂದಕ್ಕೆ ಹೋದವರಲ್ಲ ನೀವು.”

ಅವಳ ಕಣ್ಣು ತುಂಬಿತು. ನಗುವೂ ಬಂತು.

“ಇದನ್ನ ಹೇಳಾಕ ಇಷ್ಟ ದಿನ ಬೇಕಾತೇನು?”

“ಹೇಳಿದ್ರೆ, ಇವ ನನ್ನ ಶೂವನ್ನು ಅಷ್ಟು ಹೊತ್ತು ಯಾಕೆ ನೋಡ್ತಾನೆ ಅಂತ ನಿಮಗೆ ಗೊತ್ತಾಗ್ತಿತ್ತು.”

“ಗೊತ್ತಾಗಿತ್ತು ಬಿಡ್ರಿ. ಎಲ್ಲಾರ್ದು ಎಂಟ ನಿಮಿಷ, ನಂದು ಮುಕ್ಕಾಲು ತಾಸು.” ಬೆನ್ನ ಹಿಂದಿನಿಂದ ಒಂದು ಜೊತೆ ಬಾಡಿಗೆ ಶೂ ತೆಗೆದು ಅವನ ಮುಂದೆ ಹಿಡಿದಳು. “ಒಂದು ರೌಂಡ್ ಮುಂದಕ್ಕ ಹೋಗ್ತೀನಿ. ಒಬ್ಬಾಕಿ ಹೋಗಂಗಿಲ್ಲ.”

“ನಂಗೆ ಹೆದರಿಕೆ ಉಂಟು.”

“ಗೊತ್ತೈತಿ. ನಾನು ಕೋಚು.”

ಮಾಸ್ಟರನ್ನೂ ಸೆಲೂನಿನ ಮಾಲೀಕನನ್ನೂ ಹೆದರದೆ ಎದುರಿಸಿದವನು ಒಂದು ಚೂರು ಐಸಿನ ಮೇಲೆ ಕರುವಿನಂತೆ ನಡುಗುತ್ತ ನಿಂತ. ಅವಳು ಅವನ ಬಲಗಡೆಗೆ ಬಂದು ಕೈ ಹಿಡಿದಳು. ಇಬ್ಬರೂ ಮುಂದಕ್ಕೆ ಹೊರಟರು. ನಾಲ್ಕು ಸಲ ಬಿದ್ದರು. ಮೂರು ಸಲ ಅವನ ತಪ್ಪು. ನಾಲ್ಕನೆಯದು ಯಾರ ತಪ್ಪೆಂದು ಇಬ್ಬರೂ ಕೇಳಲಿಲ್ಲ, ಬೇಗ ಏಳಲೂ ಇಲ್ಲ.

ಹೀಗೆ ಐದು ಶುಕ್ರವಾರ ಕಳೆಯಿತು, ಪ್ರತಿ ಸಲವೂ ಅವಳು ಅವನ ಬಲಗಡೆಗೇ. ಆರನೆಯ ಸಲ ಯಜ್ಞೇಶ್ ಸಾಣೆ ರೂಮಿಗೆ ಬಂದಾಗ ಅವನ ಸ್ಟೂಲಿನ ಮೇಲೆ ಐಶ್ವರ್ಯಾ ಕುಳಿತಿದ್ದಳು. ಅವನಿಗೆಂದೇ ತೆಗೆದಿಟ್ಟಿದ್ದ ಬಾಡಿಗೆ ಶೂವನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಂಚಿನ ಮೇಲೆ ಉಗುರು ಎಳೆಯುತ್ತ, ಅವನ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡು.

“ಇದು ಯಾರ್ದೋ ಗೊತ್ತಿಲ್ರಿ,” ಎಂದಳು. “ಆದ್ರ ಎರಡೂ ಕಾಲಿಂದು ಬಲಗಡೆ ಅಂಚು ಪೂರಾ ಸವದು ಹೋಗೇತಿ. ಎಡಗಡೀದು ಹೊಸಾದು ಇದ್ದಂಗ ಐತಿ. ಈ ಮನಶ್ಯಾ ಐದು ವಾರ ಒಂದ ಕಡೆ ವಾಲ್ಯಾನ.”

ಯಜ್ಞೇಶನ ಮುಖ ಕೆಂಪಾಯಿತು. ಶೂವಿಗೆ ಕೈ ಚಾಚಿದ.

“ಕೊಡಿ, ಸಾಣೆ ಹಿಡಿದು ಸರಿ ಮಾಡ್ತೇನೆ.”

ಅವಳು ಕೊಡಲಿಲ್ಲ. ಎದೆಗವಚಿಕೊಂಡಳು.

“ಬ್ಯಾಡ. ಇದು ಹಿಂಗ ಇರ್ಲಿ.”